ನೀರು ಏರಿದ ಗೆರೆ

ನಮ್ಮ ಯಜಮಾನರು ಪುರಸಭೆಯಲ್ಲಿ ಇಪ್ಪತ್ತೇಳು ವರ್ಷದಿಂದ ಮಾಡುತ್ತಿರುವುದು ಒಂದೇ ಕೆಲಸ: ಊರಿನ ಹಿತ್ತಾಳೆ ಫಲಕಗಳನ್ನು ಉಜ್ಜುವುದು. ಒಟ್ಟು ಮೂವತ್ತೊಂದು. ಹಳೆಯ ದೀಪಸ್ತಂಭ ಇಲ್ಲಿತ್ತು, ಮೊದಲ ಹೋಟೆಲು ಇಲ್ಲಿತ್ತು, ಯಾರೋ ದೊಡ್ಡ ಮನುಷ್ಯ ಈ ಕೋಣೆಯಲ್ಲಿ ಮೂರು ರಾತ್ರಿ ಮಲಗಿದ್ದ. ಮಲಗಿದ್ದಕ್ಕೂ ಒಂದು ಫಲಕ! ಉಪ್ಪುಗಾಳಿಗೆ ವಾರ ಕಳೆಯುವುದರೊಳಗೆ ಎಲ್ಲ ಹಸಿರುಗಟ್ಟುತ್ತವೆ. ಇವರು ಬಟ್ಟೆ, ಡಬ್ಬಿ ಹಿಡಿದು ಮತ್ತೆ ಮೊದಲನೆಯದರಿಂದ ಶುರು ಮಾಡುತ್ತಾರೆ. ಸಂಜೆ ಭುಜ ನೋವೆಂದು ಗೊಣಗುತ್ತಾರೆ, ನಾನು ಎಣ್ಣೆ ತಿಕ್ಕುತ್ತೇನೆ. ನನ್ನ ಭುಜಕ್ಕೆ ತಿಕ್ಕುವವರು ಯಾರೂ ಇಲ್ಲ, ಆ ಮಾತು ಬೇರೆ.

ಆ ಮೂವತ್ತೊಂದರಲ್ಲಿ ಏಣಿ ಬೇಕಾಗುತ್ತಿದ್ದದ್ದು ಒಂದಕ್ಕೆ ಮಾತ್ರ. ದಂಡೆಯ ಲಾಡ್ಜಿನ ಗೋಡೆಯಲ್ಲಿ, ಕೈಗೆಟುಕದ ಎತ್ತರದಲ್ಲಿ ಅದಿತ್ತು. ಸಮುದ್ರ ಉಕ್ಕಿ ಬಂದ ದಿನ ನೀರು ಈ ಗೆರೆಯವರೆಗೆ ಏರಿತ್ತು ಎಂದು ಬರೆದಿದೆ, ಕೆಳಗೊಂದು ಗೆರೆ. ಹನ್ನೆರಡು ವರ್ಷದ ಹಿಂದೆ ಗೋಡೆಗೆ ಹೊಸ ಗಾರೆ ಹಾಕಿಸಿದಾಗ ಲಾಡ್ಜಿನ ಮಾಲೀಕ, "ಅಷ್ಟು ಮೇಲಿದ್ರೆ ಯಾರು ಓದ್ತಾರೆ? ಸ್ವಲ್ಪ ಕೆಳಗೆ ಹೊಡೆದುಬಿಡಿ," ಎಂದ. ಇವರಿಗೂ ಏಣಿ ಹೊತ್ತು ಹೊತ್ತು ಸಾಕಾಗಿತ್ತು. ಸೊಂಟದ ಎತ್ತರಕ್ಕೆ ಹೊಡೆದು ಬಂದರು. "ಒಳ್ಳೇದಾಯ್ತು ಬಿಡ್ರೀ, ಪೀಡೆ ತೊಲಗಿತು," ಎಂದವಳು ನಾನೇ.

ಅದೇ ಲಾಡ್ಜಿನ ಹಿಂಬದಿಯ ಕೋಣೆಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವರು ಇವರ ಅಕ್ಕ, ನನ್ನ ಅತ್ತಿಗೆ. ನಲವತ್ತೊಂದು ವರ್ಷದ ಹಿಂದೆ ನೀರು ಬಂದಾಗ ಆ ಗೋಡೆಯ ಬಳಿಯೇ ಇದ್ದರು. ಒಂದು ಕೈಯಲ್ಲಿ ಕಿಟಕಿಯ ಸರಳು, ಇನ್ನೊಂದು ಕೈಯಲ್ಲಿ ಎಂಟು ತಿಂಗಳ ಹೆಣ್ಣುಮಗು. ನೀರು ಇಳಿದಾಗ ಸರಳು ಕೈಯಲ್ಲಿತ್ತು, ಮಗು ಇರಲಿಲ್ಲ. ಅಂದಿನಿಂದ ಅವರು ಆ ಗೋಡೆಯ ಕಡೆ ತಿರುಗಿ ನೋಡಿದವರಲ್ಲ. ಹಿತ್ತಲ ಬಾಗಿಲಲ್ಲಿ ಹೋಗಿ ಹಿತ್ತಲ ಬಾಗಿಲಲ್ಲೇ ಬರುತ್ತಿದ್ದರು.

ಹೋದ ತಿಂಗಳು ಒಂದು ದಿನ ಹಿತ್ತಲಲ್ಲಿ ಚರಂಡಿ ಅಗೆದಿದ್ದರು. ಅತ್ತಿಗೆ ಮುಂದಿನಿಂದ ಬರಬೇಕಾಯಿತು. ಗೋಡೆಯ ಮುಂದೆ ಒಬ್ಬ ಗೈಡು ಹತ್ತು ಹದಿನೈದು ಜನರನ್ನು ನಿಲ್ಲಿಸಿಕೊಂಡು, "ನೋಡಿ, ಇಷ್ಟೇ ನೀರು. ಜನ ಗಾಬರಿಬಿದ್ದು ಸತ್ರು ಅಷ್ಟೇ," ಎನ್ನುತ್ತಿದ್ದ. ಅತ್ತಿಗೆ ನೋಡಿದರು. ಗೆರೆ ಅವರ ಸೊಂಟಕ್ಕಿತ್ತು.

ಸೀದಾ ನಮ್ಮ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತರು.

"ನನ್ನ ತಲೆ ಮುಳುಗಿದ್ದು ನೆನಪಿದೆ ಕಣೇ. ಸುಳ್ಳು ನೆನಪಾ ಅದು? ಸೊಂಟದ ಮಟ್ಟದ ನೀರಲ್ಲಿ ಮಗೂನ ಬಿಟ್ಟುಬಿಟ್ನಾ ನಾನು?"

ಇವರ ಮುಖ ನೋಡಿದೆ. ಈ ಮನುಷ್ಯ ತಟ್ಟೆ ನೋಡುತ್ತಾ ಕೂತಿದ್ದಾರೆ!

ಮೂರು ದಿನ ಅತ್ತಿಗೆ ಕೆಲಸಕ್ಕೆ ಹೋಗಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಮೂರನೆಯ ದಿನ ನನಗೆ ಮೈಯೆಲ್ಲ ಉರಿದುಹೋಯಿತು.

"ರೀ, ನೀವು ಹೇಳ್ತೀರೋ ನಾನು ಹೇಳ್ಲೋ?"

"ಹೇಳಿದ್ರೆ ಅಕ್ಕ ಮತ್ತೆ ನನ್ನ ಮುಖ ನೋಡ್ತಾಳಾ?"

"ನೋಡದಿದ್ರೆ ಬಿಡ್ಲಿ! ನಿಮ್ಮ ಮುಖ ಏನು ಹುಣ್ಣಿಮೆ ಚಂದ್ರನಾ? ಆಕೆ ಅಲ್ಲಿ ಕೂತು ತನ್ನನ್ನೇ ಕೊಂದ್ಕೊಳ್ತಿದ್ದಾಳೆ."

ಅಂದು ಮಧ್ಯಾಹ್ನವೇ ಇವರು ಏಣಿ ಹೊತ್ತು ಹೊರಟರು. ನಾನು ಅತ್ತಿಗೆಯ ಕೈಹಿಡಿದು ಹಿಂದೆಯೇ ಹೋದೆ. ಇವರು ಸುತ್ತಿಗೆಯ ಹಿಡಿಯಿಂದ ಗೋಡೆ ಬಡಿಯುತ್ತಾ, ಶಬ್ದ ಬೇರೆಯಾದ ಕಡೆ ಗಾರೆ ಕೆತ್ತಿದರು. ಹಳೆಯ ಎರಡು ಮರದ ಬಿರಡೆಗಳು ಕಂಡವು. ಫಲಕದ ಮೊಳೆ ಮೊದಲು ಕೂತಿದ್ದು ಅವುಗಳಲ್ಲೇ. ಮಾಲೀಕ ಓಡಿ ಬಂದು, "ಅಯ್ಯೋ, ಏನ್ರೀ ಇದು, ನನ್ನ ಗೋಡೆ!" ಎಂದು ಕೂಗಾಡಿದ. ಇವರು ತಿರುಗಿಯೂ ನೋಡಲಿಲ್ಲ. ಫಲಕ ಕಿತ್ತು ಮೇಲೆ ಹೊಡೆದು, ಇಳಿದು ಬಂದು ಅಕ್ಕನ ಮುಂದೆ ನಿಂತರು.

"ಅಕ್ಕಾ, ಇದು ಮೊದಲು ಇಲ್ಲೇ ಇತ್ತು. ಕೆಳಗೆ ಹಾಕಿದ್ದು ನಾನು."

"ಯಾಕೋ?"

"ಏಣಿ ಹೊರೋಕೆ ಬೇಜಾರಾಗಿ."

"ಸರಿ ಮಾಡಿದ್ರಿ ಅಂದವಳು ನಾನು ಅತ್ತಿಗೆ," ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಅತ್ತಿಗೆ ಗೋಡೆಗೆ ಬೆನ್ನು ಹಚ್ಚಿ ನಿಂತು ಬಲಗೈಯನ್ನು ಮೇಲಕ್ಕೆತ್ತಿದರು. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತರು. ಆದರೂ ಬೆರಳಿಗೂ ಗೆರೆಗೂ ನಡುವೆ ಒಂದು ಗೇಣು ಉಳಿಯಿತು.

"ಎತ್ತಿ ಹಿಡಿದಿದ್ದೆ ಕಣೋ," ಎಂದರು. "ಎಷ್ಟು ಎಟುಕುತ್ತೋ ಅಷ್ಟೂ ಎತ್ತಿದ್ದೆ."

ಎತ್ತಿದ ಕೈ ಇಳಿಸಲಿಲ್ಲ. ಕೊನೆಗೆ ಇವರೇ ಹೋಗಿ ಅದನ್ನು ಹಿಡಿದು ಮೆಲ್ಲಗೆ ಇಳಿಸಬೇಕಾಯಿತು.