ಅಕ್ಕನ ಚಿನ್ನದ ನೀರು

ಅಕ್ಕನ ಬಲಗೈ ಹೆಬ್ಬೆರಳು ಸದಾ ನೇರಳೆ ಹಣ್ಣು ಹಿಸುಕಿದಂತೆ ಇರುತ್ತಿತ್ತು. ಚಿನ್ನದ ಉಪ್ಪು ಚರ್ಮಕ್ಕೆ ತಾಕಿದರೆ ಹಾಗೆ ಕಲೆ ಕೂರುತ್ತದೆ. ಗ್ಲೌಸ್ ಹಾಕಿಕೋ ಎಂದರೆ, "ಬೆವರು ಕಣೇ, ಪಿಪೆಟ್ ಜಾರ್ತದೆ" ಎನ್ನುತ್ತಿದ್ದಳು. ಮುಳಬಾಗಿಲಿನವಳು, ಕೋಲಾರದ ನಮ್ಮ ಲ್ಯಾಬಿನಲ್ಲಿ ನನಗೆ ಸೀನಿಯರ್. ಕೋಪ ಬಂದರೆ ತೆಲುಗಿಗೆ ಹೊರಳುತ್ತಿದ್ದಳು. ಕೋಪ ಬಹಳ ಸಲ ಬರುತ್ತಿತ್ತು.

ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ತೇಲುವ ನೀರು ದಾಳಿಂಬೆ ರಸದಂತೆ ಕೆಂಪಗಿರುತ್ತದೆ. ಅದನ್ನು ಪಾಲಿಮರಿಗೆ ಬೆರೆಸಿ, ತೆಳ್ಳನೆ ಪದರವಾಗಿ ಒಣಗಿಸಿ, ಕೆಳಗೊಂದು ಮೇಲೊಂದು ಲೋಹದ ಪದರ ಕೂರಿಸಿದರೆ ಕಂಪ್ಯೂಟರಿನಲ್ಲಿರುವಂಥ ಮೆಮೊರಿ ತಯಾರು. ಅದರಲ್ಲಿ ಬರೆದದ್ದು ಕರೆಂಟ್ ತೆಗೆದ ಮೇಲೂ ಉಳಿಯುತ್ತದೆ. ಅಕ್ಕ ಮಾಡಿದ್ದರಲ್ಲಿ ತಿಂಗಳುಗಟ್ಟಲೆ ಉಳಿಯಿತು.

ಈ ಕೆಲಸದ ರಿಸರ್ಚ್ ಪೇಪರ್ ಅಚ್ಚಾದಾಗ ಅದರಲ್ಲಿ ಅಕ್ಕನ ಹೆಸರೇ ಇರಲಿಲ್ಲ. ನಮ್ಮ ಗೈಡ್ ಸರ್ ಒಬ್ಬರದೇ ಇತ್ತು. ನಾನು ಕೇಳಿದ್ದಕ್ಕೆ, "ಕೈಯಲ್ಲಿ ಮಾಡೋದು ಬೇರೆ, ತಲೆಯಲ್ಲಿ ಮಾಡೋದು ಬೇರೆ ಕಣಮ್ಮ" ಎಂದರು.

ಅಕ್ಕ ಜಗಳ ಆಡಲಿಲ್ಲ, ಕಾದಳು. ಬೆಂಗಳೂರಿನಿಂದ ತಜ್ಞರು ಲ್ಯಾಬ್ ನೋಡಲು ಬಂದ ದಿನ ಸರ್‌ಗೆ ಎಲ್ಲವನ್ನೂ ತಮ್ಮ ಕೈಯಾರೆ ಮಾಡಿ ತೋರಿಸುವ ಹುಮ್ಮಸ್ಸು. ಬೀಕರನ್ನು ನಲ್ಲಿಯ ಕೆಳಗೆ ಹಿಡಿದು ಜಾಲಾಡಿಸಿದರು. ನಮ್ಮ ಬೋರ್‌ವೆಲ್ ನೀರು ಪಾತ್ರೆಗೆ ಬಿಳಿ ಕಟ್ಟುವಷ್ಟು ಗಡಸು. ತಳದಲ್ಲಿ ಒಂದಿಷ್ಟು ಉಳಿದರೂ ಚಿನ್ನದ ಕಣಗಳು ಒಂದಕ್ಕೊಂದು ಅಂಟಿ ಎಲ್ಲ ಹಾಳು. ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯದ ಬೀಕರನ್ನು ಅಕ್ಕ ಬಳಸಿದವಳೇ ಅಲ್ಲ. ಹೇಳೋಣವೆಂದು ನಾನು ಬಾಯಿ ತೆರೆದೆ. ಅವಳು ನನ್ನ ಮೊಣಕೈ ಹಿಡಿದು ಹಿಂಡಿದಳು.

"ಊರುಕೋವೇ, ಸುಮ್ಕಿರು. ಪೇಪರಲ್ಲಿ ಅವ್ರ ಹೆಸ್ರೇ ತಾನೇ ಐತೆ? ಅವ್ರೇ ಮಾಡ್ಲಿ."

ಸರ್ ಅದೇ ಬೀಕರಿಗೆ ಕೆಂಪು ನೀರು ಸುರಿದರು. ನೋಡನೋಡುತ್ತಲೇ ಅದು ನೀಲಿಗೆ ತಿರುಗಿ ಮಸಿಯಂತಾಯಿತು. ಯಾಕೆ ಹೀಗಾಯಿತೆಂದು ಬಂದವರೊಬ್ಬರು ಕೇಳಿದರು. ಸರ್ ಅಕ್ಕನ ಕಡೆ ನೋಡಿದರು. ಅಕ್ಕ ಕಿಟಕಿಯ ಕಡೆ ನೋಡಿದಳು. ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನಗೆ ಮಸಾಲೆ ದೋಸೆ ಕೊಡಿಸಿ, ತಾನು ಎರಡು ತಿಂದಳು. ನನಗೂ ಅಷ್ಟು ರುಚಿಯಾದ ದೋಸೆ ಮತ್ತೆ ಸಿಕ್ಕಿಲ್ಲ.

ಹೋದ ವರ್ಷ ಅಕ್ಕ ಕ್ಯಾನ್ಸರಿನಿಂದ ತೀರಿಕೊಂಡಳು. ಸುದ್ದಿ ಮುಟ್ಟಿಸಿದರೂ ಸರ್ ಮಣ್ಣಿಗೆ ಬರಲಿಲ್ಲ. ನಾನೀಗ ಮಾಲೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನನಗೆ ಬರುವ ವಿದ್ಯೆಯೆಲ್ಲ ಅವಳು ಕೊಟ್ಟದ್ದು. ಅವಳ ಕೆಲಸವನ್ನೇ ಮುಂದುವರಿಸಿ ಬರೆದ ಪೇಪರಿಗೆ ಮೊದಲು ಅವಳ ಹೆಸರು ಹಾಕಿ, ಆಮೇಲೆ ನನ್ನದು ಹಾಕಿದೆ. ಅದು ಹೇಗೋ ತಿಳಿದು ಸರ್ ಫೋನ್ ಮಾಡಿದರು.

"ಕಡೇಲಾದ್ರೂ ಪರವಾಗಿಲ್ಲ, ನನ್ನ ಹೆಸರೊಂದು ಸೇರಿಸಮ್ಮ. ನನ್ನ ಲ್ಯಾಬಲ್ಲೇ ಶುರುವಾದ ಕೆಲಸ ಅಲ್ವಾ?"

"ಆಗ್ಲಿ ಸರ್," ಎಂದೆ. "ಅಕ್ಕನ್ನ ಒಂದು ಮಾತು ಕೇಳಿ ಹೇಳ್ತೀನಿ."