ಅಲ್ಲಾಡಿಸಿ ನೋಡಿದ ಕಾಯಿ

ಎಣ್ಣೆಯ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದವರನ್ನು ನೀವು ಕಂಡಿದ್ದೀರಾ? ಹೋದ ವಾರ ನಾನು ಅಲ್ಲಾಡಿಸಿದೆ. ಪಕ್ಕದ ಬೀದಿಯ ಸರ್ವಮಂಗಳ ತಂದುಕೊಟ್ಟ ಕೊಬ್ಬರಿ ಎಣ್ಣೆ ಅದು. ಮುಚ್ಚಳ ತೆಗೆದರೆ ಘಮ್ಮೆಂದಿತು. ಇಷ್ಟು ಘಮಘಮ ಎನ್ನುವುದರಲ್ಲಿ ಏನೋ ಮೋಸವಿರಬೇಕೆಂದು ಕೈ ತಾನಾಗಿಯೇ ಕಿವಿಗೆ ಹೋಯಿತು. ಅವಳು ನಕ್ಕಳು. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಅವಳೂ ಊರಿನ ನಾಲ್ಕಾರು ಹೆಂಗಸರೂ ಸೇರಿ ಗಂಡಸಿ ಊರಿಗೆ ಹೋಗುವ ರಸ್ತೆಯಲ್ಲಿ ಗಾಣ ಹಾಕಿದ್ದಾರೆ.

"ನಮ್ಮೂರ್ ಕಾಯಿ ನಮ್ಮೂರಲ್ಲೇ ಎಣ್ಣೆ ಆಗ್ಲಿ ಕಣಕ್ಕ. ನಿಮ್ಮ ಅಟ್ಟದ ಕಾಯಿ ಬರ್ಲಿಲ್ಲ ಅಂದ್ರೆ ಗಾಣ ನಿಂತೋಯ್ತದೆ" ಎಂದಳು. ಊರಿನಲ್ಲಿ ದೊಡ್ಡ ಅಟ್ಟ ನಮ್ಮದೇ.

"ಎಣ್ಣೆ ಖರ್ಚಾಗ್ದಿದ್ರೆ?"

"ಹಿಂಡಿ ಐತೆ, ದನಕ್ಕೆ. ಚಿಪ್ಪಲ್ಲಿ ಸೌಟು, ಬಟ್ಟಲು ಮಾಡಿ ಬೇಲೂರು, ಹಳೇಬೀಡಿಗೆ ಕಳಿಸ್ತೀವಿ. ದೇವಸ್ಥಾನ ನೋಡೋಕೆ ಬಂದೋರು ತಗೋತಾರೆ."

ಕೇಳಿದ ತಕ್ಷಣ ಉತ್ತರ ಸಿಕ್ಕರೆ ನನಗೆ ಅನುಮಾನ ಹೆಚ್ಚು. ಊರುದ್ಧಾರಕ್ಕೆಂದು ಬಂದ ಎಷ್ಟೋ ಜನರನ್ನು ಕಂಡಿದ್ದೇನೆ. ಹಾರ ಹಾಕಿಸಿಕೊಂಡು, ಕಾಫಿ ಕುಡಿದು ಹೋದವರು ಮತ್ತೆ ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ. "ನೋಡಾಣ" ಎಂದೆ. ಅವಳ ಮುಖ ಸಪ್ಪಗಾಯಿತು.

ಈ ಅನುಮಾನ ನನ್ನ ತವರಿನದಲ್ಲ, ಅತ್ತೆಯಿಂದ ಬಂದ ಬಳುವಳಿ. ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟರೆ ಕೊಬ್ಬರಿಯಾಯಿತೆಂದು ಲೆಕ್ಕ. ಇಳಿಸುವಾಗ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಗಡಗಡ ಎಂದರೆ ಸರಿ, ಗುಳುಗುಳು ಎಂದರೆ ವಾಪಸ್ಸು ಅಟ್ಟಕ್ಕೆ. ನಾನು ಅಲ್ಲಾಡಿಸಿ ಇಟ್ಟಿದ್ದನ್ನೆಲ್ಲ ಅತ್ತೆ ಮತ್ತೊಮ್ಮೆ ಅಲ್ಲಾಡಿಸುತ್ತಿದ್ದರು. ಹೊಸ ಸೊಸೆಗೆ ಅಳುವೇ ಬರುತ್ತಿತ್ತು.

"ನನ್ ಮೇಲೆ ನಂಬಿಕೆ ಇಲ್ವಾ ಅತ್ತೆ?"

"ನನ್ ಕಿವಿ ಮೇಲೇ ನಂಗಿಲ್ಲ, ಇನ್ನು ನಿನ್ ಮೇಲೆ ಎಲ್ಲಿಂದ ತರ್ಲಿ?"

ದೇವರ ದರ್ಶನಕ್ಕೆ ಮಾಲೇಕಲ್ಲು ಬೆಟ್ಟ ಹತ್ತುವಾಗ ಅವರ ಚಪ್ಪಲಿ ಚೀಲದೊಳಗೇ ಇರುತ್ತಿತ್ತು. ದೇವರು ಸರಿ, ಭಕ್ತರನ್ನು ಹೇಗೆ ನಂಬುವುದು? ತೆಂಗನ್ನೂ ಅವರು ನಂಬಲಿಲ್ಲ. ಮರಗಳ ನಡುವೆ ಹುರುಳಿ, ಬದುವಿನ ಮೇಲೆ ಹರಳು ಗಿಡ, ರಾಗಿಯ ಜೊತೆ ಅವರೆ, ಕೊಟ್ಟಿಗೆಯಲ್ಲಿ ಎಮ್ಮೆ. "ಇದೇನು ತೋಟವೋ ಸಂತೆಯೋ" ಎಂದು ಮಾವ ಗೊಣಗಿದರೆ, "ಒಂದು ಕೈ ಕೊಟ್ರೆ ಇನ್ನೊಂದಾದ್ರೂ ಇರ್ಲಿ ಅಂತ" ಎನ್ನುತ್ತಿದ್ದರು.

ಒಂದು ವರ್ಷ ನುಸಿ ಬಿದ್ದು ಕಾಯೆಲ್ಲ ಮುದುಡಿಹೋದವು. ತೆಂಗನ್ನೇ ನೆಚ್ಚಿಕೊಂಡ ಮನೆಯವರು ರಾಗಿಗೂ ಸಾಲ ಮಾಡಿದರು. ನಮ್ಮಲ್ಲಿ ಮುದ್ದೆ, ಹುರುಳಿ ಸಾರಿಗೆ ತೊಂದರೆಯಾಗಲಿಲ್ಲ. ಬಿತ್ತನೆ ಹುರುಳಿ ಕೇಳಿಕೊಂಡು ಬಂದವರಿಗೆ ಅತ್ತೆ ಮೊರ ತುಂಬಿಸಿ ಕೊಟ್ಟರು. "ಬಿತ್ತಿ ಮತ್ತೆ, ಬೇಯಿಸ್ಕಂಡು ತಿಂದ್ಬಿಟ್ಟೀರ" ಎಂದು ಅನುಮಾನವನ್ನೂ ಸೇರಿಸಿಯೇ ಕೊಟ್ಟರು.

ಮೊನ್ನೆ ಸರ್ವಮಂಗಳ ಲಗೇಜ್ ಆಟೋ ಸಮೇತ ಬಂದಳು. ಅಳೆದೂ ಸುರಿದೂ ಒಂದು ಮೂಟೆ ಮಾತ್ರ ಆರಿಸಿಟ್ಟಿದ್ದೆ. ಅವಳು ಮೂಟೆಯನ್ನು ಎತ್ತಲಿಲ್ಲ. ಬಾಯಿ ಬಿಚ್ಚಿ, ನನ್ನೆದುರಿಗೇ ಕೂತು ಒಂದೊಂದೇ ಕಾಯನ್ನು ಕಿವಿಗೆ ಹಿಡಿಯತೊಡಗಿದಳು. ನನಗೆ ಮೈ ಉರಿಯಿತು.

"ಏನೇ, ನಾನ್ ನೋಡಿಲ್ವಾ?"

"ನೋಡಿರ್ತೀರ ಬಿಡಕ್ಕ" ಎಂದವಳು ಒಂದನ್ನು ಪಕ್ಕಕ್ಕಿಟ್ಟಳು. "ಇದ್ರಲ್ಲಿ ಇನ್ನೂ ನೀರೈತೆ. ಗಾಣಕ್ಕೆ ಬಿದ್ರೆ ಎಣ್ಣೆ ಕಮಟಾಯ್ತದೆ."

ಕಿತ್ತುಕೊಂಡು ಅಲ್ಲಾಡಿಸಿದೆ. ಗುಳುಗುಳು ಎಂದಿತು.

ಉರಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅತ್ತೆ ಹೋದ ಮೇಲೆ, ನಾನು ಆರಿಸಿದ ಕಾಯನ್ನು ಇನ್ನೊಬ್ಬರು ಅಲ್ಲಾಡಿಸಿದ್ದು ಇದೇ ಮೊದಲು.

"ಹೋಗು, ಏಣಿ ತಗೊಂಬಾ" ಎಂದೆ.

"ಯಾಕಕ್ಕ?"

"ಅಟ್ಟದ್ ಮೇಲಿರೋದ್ನೆಲ್ಲ ನೀನೇ ಅಲ್ಲಾಡ್ಸಿ ಇಳಿಸ್ಕೋ. ನಾನು ಕೆಳಗ್ ಕೂತು ಇನ್ನೊಂದ್ ಸಲ ಅಲ್ಲಾಡಿಸ್ತೀನಿ."