ಮೀನಿನ ತೊಟ್ಟಿ ಮತ್ತು ಅತ್ತೆಯ ಕೈಗುಣ

ನಮ್ಮ ಅತ್ತೆಯ ಸೀರೆಯ ಅಂಚು ಒಣಗಿದ್ದನ್ನು ನಾನು ನೋಡಿಯೇ ಇಲ್ಲ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರೂ ಹಿಮ್ಮಡಿಯ ಹತ್ತಿರ ಗೇಣುದ್ದ ಒದ್ದೆ. ಪಕ್ಕದಲ್ಲಿ ಹಾದುಹೋದರೆ ಹುಣಸೆಹಣ್ಣಿನ ಹುಳಿ ವಾಸನೆ. ಮಧುಗಿರಿಯ ನಮ್ಮ ಮನೆಯ ಬೋರ್‌ವೆಲ್ ನೀರು ಕೊಡ, ಬಿಂದಿಗೆಗಳ ಮೇಲೆಲ್ಲ ಬಿಳಿ ಪದರ ಕೂರಿಸುತ್ತದೆ. ಅತ್ತೆ ಹುಣಸೆಹಣ್ಣು ಹಾಕಿ ಅದನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. ನಲ್ಲಿ, ಬಾಗಿಲ ಚಿಲಕ, ಕೊನೆಗೆ ನನ್ನ ಗಂಡನ ಸ್ಕೂಟರಿನ ಕನ್ನಡಿ ಕೂಡ ಅವರಿಂದ ತಪ್ಪಿಸಿಕೊಳ್ಳಲಿಲ್ಲ. "ಗಲೀಜಿರೋ ಮನೇಲಿ ದೇವ್ರು ನಿಲ್ಲಲ್ಲ ಕಣಮ್ಮ" ಎನ್ನುತ್ತಿದ್ದರು.

ಹೇಸಿಕೊಳ್ಳುವುದರಲ್ಲಿ ನಾನೂ ಕಡಿಮೆಯವಳಲ್ಲ. ಅದು ನನ್ನ ಹುಟ್ಟುಗುಣ. ಬಸುರಿಯಾದ ಮೇಲಂತೂ ಒಗ್ಗರಣೆ ವಾಸನೆಗೂ ಬಚ್ಚಲಿಗೆ ಓಡುತ್ತಿದ್ದೆ. ಅಂಥ ಹೊತ್ತಿನಲ್ಲಿ ನಮ್ಮ ಯಜಮಾನರು ಸಿರಾದಿಂದ ಒಂದು ಗಾಜಿನ ತೊಟ್ಟಿ, ಅದರ ಜೊತೆ ನಾಲ್ಕು ಕೆಂಪು ಮೀನು ತಂದು ನಡುಮನೆಯಲ್ಲಿ ಇಟ್ಟರು. ಮೊಟ್ಟೆಯ ಸಿಪ್ಪೆ ಸಹ ಕಾಣದ ಮನೆಯಲ್ಲಿ ಮೀನು! ವಾಪಸ್ ಕೊಟ್ಟು ಬನ್ನಿ ಎನ್ನಬೇಕೆಂದಿದ್ದೆ. ಆದರೆ ಮಾವ ತೀರಿಕೊಂಡ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ ಅತ್ತೆ, ಆ ದಿನ ಎದ್ದು ಬಂದು ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತರು. "ತಿನ್ರೋ, ನಾಚ್ಕಬ್ಯಾಡಿ" ಎಂದು ಹಿಡಿ ಹಿಡಿ ಕಾಳು ಉದುರಿಸಿದರು. ನೆಂಟರಿಗೆ ಬಡಿಸುವುದೂ ಅವರು ಹಾಗೆಯೇ, ಬೇಡವೆಂದರೆ ಇನ್ನೆರಡು ಸೌಟು.

ವಾರ ಕಳೆಯುವಷ್ಟರಲ್ಲಿ ನೀರು ಅಕ್ಕಿ ತೊಳೆದ ಕಲಗಚ್ಚಿನಂತಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಒಂದು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿತು. ಥೂ, ಆ ನಾತ! ಊದಿದ ಹೊಟ್ಟೆ, ಬೆಳ್ಳಗಾದ ಕಣ್ಣು, ಮೈಮೇಲೆ ಹತ್ತಿಯಂಥ ಬೂಷ್ಟು. ಸೋಮವಾರ ಪೂಜೆಗೆ ಮೊದಲು ಅತ್ತೆ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಹೊಸ ನೀರು ತುಂಬಿದರು. ಮುಂದಿನ ವಾರ ಇನ್ನೊಂದು ಹೋಯಿತು. ಅಂಗಡಿಯವನು ಕೊಟ್ಟ ನೀಲಿ ಔಷಧಿ ಹಾಕಿದ್ದಕ್ಕೆ ನಾತದ ಜೊತೆ ನೀಲಿ ಬಣ್ಣವೂ ಸೇರಿಕೊಂಡಿತು, ಅಷ್ಟೆ.

ಅದೇ ಹೊತ್ತಿಗೆ ಕೊರಟಗೆರೆಯಿಂದ ಅತ್ತೆಯ ವಾರಗಿತ್ತಿ ಬಂದಳು. ನನಗೆ ಚಿಕ್ಕತ್ತೆ, ಆದರೆ ಈಗ ಅವಳಿಗೆ ಬಹುವಚನ ಹಚ್ಚಲು ನಾಲಗೆ ಬರುವುದಿಲ್ಲ. ಸತ್ತ ಮೀನು ನೋಡಿ, ಅತ್ತೆಗೆ ಕೇಳುವಂತೆಯೇ ನನಗೆ ಹೇಳಿದಳು: "ಗಂಡನ್ನ ಕಳ್ಕಂಡಿರೋ ಕೈ ಕಣಮ್ಮ. ಮುಟ್ಟಿದ್ದು ಉಳಿಯಾಕಿಲ್ಲ. ನೀನ್ ಬ್ಯಾರೆ ಬಸ್ರಿ. ಉಸಾರು."

ಕೊಳೆತ ಮೀನಿಗಿಂತ ಆ ಮಾತು ನನಗೆ ಅಸಹ್ಯವಾಯಿತು. "ಎದ್ದು ಹೋಗಿ" ಎಂದೇ ಬಿಟ್ಟೆ. ಆದರೆ ಅತ್ತೆಯ ಎದೆಗೆ ಅದು ನಾಟಿಬಿಟ್ಟಿತ್ತು. ಅಂದಿನಿಂದ ನನ್ನ ತಟ್ಟೆಗೆ ಬಡಿಸಲಿಲ್ಲ, ತಲೆ ಬಾಚಲಿಲ್ಲ, ಮೈ ಸೋಕಲಿಲ್ಲ. ಕೇಳಿದರೆ, "ಮಗೀನೂ ನಾನ್ ಎತ್ಕಳಲ್ಲ ಕಣಮ್ಮ, ನೋಡ್ಕಂತೀನಿ ದೂರದಿಂದ" ಎಂದರು. ಉಳಿದ ಮೀನು ಬದುಕಬೇಕು, ಇಲ್ಲವಾದರೆ ನನ್ನ ಮಗುವಿಗೆ ಅಜ್ಜಿ ಇಲ್ಲ. ವಿಷಯ ಅಲ್ಲಿಗೆ ಬಂದು ನಿಂತಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಸೀಸೆ ತರಿಸಿದೆ. ಮೂಗಿಗೆ ಸೆರಗು ಬಿಗಿದುಕೊಂಡು ನೀರು ತೆಗೆದೆ. ಮೀನಿನ ಹೊಲಸಿನಿಂದ ಏಳುವ ಅಮೋನಿಯಾ ವಿಷ ಕಡುಹಸಿರು ತೋರಿಸಿತು, ಅಂದರೆ ವಿಪರೀತ; ನೀರು ಹುಳಿ. ಎಲ್ಲಿಂದ ಬಂತು ಈ ಹುಳಿ? ಸೋಮವಾರ ರಜೆ ಹಾಕಿ ಹಿತ್ತಲಲ್ಲಿ ನಿಂತು ನೋಡಿದೆ. ಅತ್ತೆ ತೊಟ್ಟಿಯ ಕಲ್ಲುಗಳನ್ನೂ ಫಿಲ್ಟರಿನ ಸ್ಪಂಜನ್ನೂ ಕುದಿಯುವ ನೀರಿಗೆ ಹಾಕಿ, ಹುಣಸೆಹಣ್ಣು ಹಚ್ಚಿ, ಹಿತ್ತಾಳೆ ಚೊಂಬಿನಂತೆ ತಿಕ್ಕುತ್ತಿದ್ದರು! ಪಕ್ಕದಲ್ಲಿ ಕುಡಿಯುವ ನೀರಿನ ಕ್ಯಾನು. ಬೋರ್ ನೀರು ಹಲ್ಲು ಕೆಡಿಸುತ್ತದೆಂದು ನಾವೆಲ್ಲ ಕುಡಿಯುವುದು ಅದನ್ನೇ. ಮೂಕಜೀವಕ್ಕೆ ಮಾತ್ರ ಕೆಟ್ಟ ನೀರು ಯಾಕೆಂದು ಅತ್ತೆ ತೊಟ್ಟಿಗೂ ಅದನ್ನೇ ತುಂಬುತ್ತಿದ್ದರು.

"ಅಯ್ಯೋ ಅತ್ತೆ, ಮುಟ್ಟಬೇಡಿ!" ಎಂದು ಕೂಗಿಬಿಟ್ಟೆ.

ಸ್ಪಂಜು ಕೈಯಿಂದ ಜಾರಿತು. "ನೀನೂ ಅಂದ್ಬುಟ್ಟೆಯಲ್ಲಮ್ಮ" ಎಂದರು.

ನಾಲಗೆ ಕಚ್ಚಿಕೊಂಡು ಅವರ ಎದುರಿಗೇ ಕುಕ್ಕರಿಸಿದೆ. "ದೋಷ ಕೈಯಲ್ಲಿಲ್ಲ ಅತ್ತೆ, ನಿಮ್ಮ ಹುಣಸೆಹಣ್ಣಲ್ಲಿದೆ. ಹಾಲಿಗೆ ಹೆಪ್ಪು ಹಾಕದೆ ಮೊಸರಾಗುತ್ತಾ? ಮೀನಿನ ಹೊಲಸನ್ನ ತಿಂದು ನೀರು ಸರಿ ಮಾಡೋ ಜೀವಾಣು ಈ ಸ್ಪಂಜಿನ ಲೋಳೆಯಲ್ಲಿರುತ್ತೆ. ವಾರವಾರ ನೀವದನ್ನ ಬಿಸಿನೀರಲ್ಲಿ ಕೊಲ್ತಿದ್ದೀರಿ."

"ಹೆಪ್ಪಾ? ಈ ಹೊಲಸಾ?"

"ಹೂಂ, ಈ ಹೊಲಸೇ. ಕ್ಯಾನ್ ನೀರಿಗೆ ಹುಳಿ ತಡೆಯೋ ಸತ್ವ ಇಲ್ಲ. ನಮ್ಮ ಕೊಡ ಬೆಳ್ಳಗೆ ಮಾಡೋ ಬೋರ್ ನೀರೇ ಇವಕ್ಕೆ ಬೇಕು. ಕಾಳು ಚಿಟಿಕೆಯಷ್ಟೇ ಹಾಕಿ. ಎಲ್ಲ ನಿಮ್ಮ ಕೈಯಲ್ಲೇ ಆಗಬೇಕು, ನನ್ನ ಕೈಲಾಗಲ್ಲ."

ಬೋರ್ ನೀರು ತುಂಬಿ ಬಿಟ್ಟೆವು. ಮುಂದಿನ ಸೋಮವಾರದಿಂದ ಅತ್ತೆ ತೊಟ್ಟಿಯಿಂದ ಒಂದು ಬಕೆಟ್ ನೀರು ಮಾತ್ರ ತೆಗೆದು, ಅದರಲ್ಲೇ ಸ್ಪಂಜು ಹಿಂಡತೊಡಗಿದರು. ಮೊದಲ ಸಲ ಕಂದು ಲೋಳೆ ಬೆರಳ ಸಂದಿಯಿಂದ ಇಳಿಯುವುದನ್ನು ಕಂಡದ್ದೇ ನಾನು ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ. ಅತ್ತೆ ಓಡಿಬಂದು ಅದೇ ಕೈಯಲ್ಲಿ ಬೆನ್ನು ನೀವಿದರು. ಆಮೇಲೆ ನೆನಪಾಗಿ, ಸುಟ್ಟುಕೊಂಡವರಂತೆ ಕೈ ಎಳೆದುಕೊಂಡರು. "ತೆಗೀಬೇಡಿ ಅತ್ತೆ" ಎಂದೆ. ಕೈ ನಾರುತ್ತಿತ್ತು. ಆದರೂ ಅಂದೆ.

"ಅವು ಉಳೀಲಿ ಮೊದ್ಲು" ಎಂದರು.

ತಿಂಗಳಿಗೂ ಮೀರಿ ತೊಟ್ಟಿ ನಾರಿತು, ಗಾಜಿಗೆ ಪಾಚಿ ಕಟ್ಟಿತು. ಅತ್ತೆ ಉಜ್ಜದೆ ಚಡಪಡಿಸಿದರು, ನಾನು ಮೂಗು ಮುಚ್ಚಿಕೊಂಡು ಅನ್ನ ತಿಂದೆ. ಆಮೇಲೊಂದು ಬೆಳಿಗ್ಗೆ ನೀರು ತಿಳಿಯಾಗಿತ್ತು, ಉಳಿದೆರಡು ಮೀನು ತಳದಲ್ಲಿ ಕಲ್ಲು ಕೆದಕುತ್ತಿದ್ದವು. ಮತ್ತೆ ಯಾವುದೂ ಸಾಯಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಮಗುವನ್ನು ಸುತ್ತಿ ತಂದಾಗ ಅತ್ತೆ ಬಾಗಿಲ ಹೊರಗೇ ನಿಂತಿದ್ದರು. "ಮೀನು ಉಳಿದ್ವಲ್ಲ, ಬನ್ನಿ" ಎಂದು ಕರೆದೆ. ಬಂದರು. ಮಗಳನ್ನು ಎತ್ತಿಕೊಂಡರು, ಕೆಳಗಿಳಿಸಲೇ ಇಲ್ಲ. ಅವಳಿಗೆ ಎಣ್ಣೆನೀರು ಹಾಕಿದ್ದು, ಕಕ್ಕ, ವಾಂತಿ ಎಲ್ಲವನ್ನೂ ಬಾಚಿದ್ದು ಆ ಎರಡು ಕೈ. ನನ್ನಂಥ ಹೇಸುವವಳಿಗೆ ಮಗು ಸಾಕುವುದನ್ನು ಕಲಿಸಿದ್ದೂ ಅವೇ.

ಹೋದ ವರ್ಷ ಅತ್ತೆ ತೀರಿಕೊಂಡರು. ತಿಥಿಯ ದಿನ ಚಿಕ್ಕತ್ತೆ ನನ್ನ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು, ಬಂದವರ ಎದುರು ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು: "ನಮ್ಮಕ್ಕನ ಕೈಗುಣ ಬಂಗಾರ ಕಣ್ರಮ್ಮ. ಮುಟ್ಟಿದ್ದೆಲ್ಲಾ ಉಳೀತಿತ್ತು."

ನಾನು ಎದ್ದು ಹೋಗಿ ಮಗಳನ್ನು ಅವಳ ತೊಡೆಯಿಂದ ಎತ್ತಿಕೊಂಡೆ. ಹಿತ್ತಲಿಗೆ ಬಂದು ಥೂ ಎಂದು ಉಗಿದೆ.